ರೂಬಿ ಹತ್ತಿರ ಬರುವವರೆಗೆ

ಎಪ್ಪತ್ತೆಂಟನೇ ಇಸವಿಯ ದೀಪಾವಳಿ ಕಳೆದ ಎರಡನೆಯ ಸೋಮವಾರ, ಬೆಳಗಿನ ಹತ್ತೂವರೆಯ ಹೊತ್ತಿಗೆ ಮಹಾನಂದ ತವರಿಗೆ ಬಂದಳು. ಕೈಯಲ್ಲಿ ಬಟ್ಟೆಯ ಪೆಟ್ಟಿಗೆ ಇರಲಿಲ್ಲ, ಹಣ್ಣು ಹೂವಿನ ಚೀಲವೂ ಇರಲಿಲ್ಲ. ಒಂದು ಬೆತ್ತದ ಬುಟ್ಟಿ, ಅದರ ಬಾಯಿಗೆ ಮುಚ್ಚಿದ ಹಳೆಯ ಟವಲು, ಅಷ್ಟೇ. ಚಾಮರಾಜಪೇಟೆಯ ಐದನೇ ಮೈನಿನ ಆ ಮನೆಯ ನಡುಮನೆಯಲ್ಲಿ ಅವಳ ತಾಯಿ ದ್ರೌಪದಮ್ಮ ಹುರುಳಿಕಾಯಿಯ ನಾರು ಬಿಡಿಸುತ್ತ ಕೂತಿದ್ದಳು. ಮಗಳು ಬುಟ್ಟಿ ಕೆಳಗಿಟ್ಟು ಟವಲು ಎತ್ತಿದಾಗ ಒಳಗಿನಿಂದ ಒಂದು ಪುಟ್ಟ ನಾಯಿ ತಲೆ ಹಾಕಿತು. ಒಗೆಯದ ಬಿಳಿ ಬಟ್ಟೆಯ ಬಣ್ಣ, ಕಣ್ಣು ಮುಚ್ಚುವಷ್ಟು ಕೂದಲು. ಅದು ಕುಂಟುತ್ತ ಹೊರಗೆ ಬಂದು, ನಾಲ್ಕು ದಿಕ್ಕೂ ನೋಡಿ, ಹುರುಳಿಕಾಯಿಯ ಮೊರದ ಪಕ್ಕದಲ್ಲೇ ಉಚ್ಚೆ ಹೊಯ್ಯಿತು.

ದ್ರೌಪದಮ್ಮ ಮೊರ ಎಳೆದುಕೊಂಡು ಎದ್ದು ನಿಂತಳು. ಮಗಳು ಬೈಯುತ್ತಾಳೆ, ಒಂದು ಏಟು ಕೊಡುತ್ತಾಳೆ ಎಂದು ನೋಡಿದರೆ, ಅವಳು ಮಾತಿಲ್ಲದೆ ಹಿತ್ತಲಿಗೆ ಹೋಗಿ ಹಳೇ ಬಟ್ಟೆಯನ್ನೂ ಒಲೆಯ ಬೂದಿಯನ್ನೂ ತಂದು ನೆಲ ಒರೆಸಿದಳು. ಯಾಕೆ ಬಂದೆ ಎಂದು ಕೇಳಿದ್ದಕ್ಕೆ ನಾಲ್ಕು ದಿನ ಇದ್ದು ಹೋಗೋಣ ಎಂದು ಬಂದೆ ಎಂದಳು. ಅಳಿಯಂದಿರಿಗೆ ಹೇಳಿ ಬಂದೆಯಾ ಎಂದರೆ, ಚೀಟಿ ಬರೆದಿಟ್ಟು ಬಂದಿದ್ದೇನೆ ಎಂದಳು.

ಚೀಟಿ ಎಂಬ ಮಾತು ದ್ರೌಪದಮ್ಮನಿಗೆ ಸರಿಬರಲಿಲ್ಲ. ಒಂದೇ ಮನೆಯಲ್ಲಿರುವ ಗಂಡ ಹೆಂಡತಿಗೆ ಚೀಟಿ ಯಾಕೆ ಬೇಕು?

ಮಹಾನಂದಳ ಮದುವೆಯಾಗಿ ಎರಡು ವರ್ಷವಾಗಿತ್ತು. ಗಂಡ ಮುನಿರಾಮಪ್ಪ ಉಪ್ಪಾರಪೇಟೆಯ ಒಂದು ಲಾಡ್ಜಿನಲ್ಲಿ ರಿಜಿಸ್ಟರ್ ಬರೆಯುವ ಕೆಲಸದಲ್ಲಿದ್ದ. ನಗರ್ತಪೇಟೆಯ ಒಂದು ಹಳೇ ಕಟ್ಟಡದ ಎರಡನೇ ಮಹಡಿಯಲ್ಲಿ ಎರಡು ಕೋಣೆ. ಅವನು, ಇವಳು, ಅವನ ತಾಯಿ ಸಪ್ಪಲಮ್ಮ. ಈ ನಾಯಿಯನ್ನು ಯಾರೋ ಬೊಂಬಾಯಿಯ ಕಡೆಯವರು ಲಾಡ್ಜಿನ ರೂಮಿನಲ್ಲೇ ಬಿಟ್ಟು ಹೋಗಿದ್ದರಂತೆ. ಬೀದಿಗೆ ಬಿಡಲು ಮನಸ್ಸು ಬಾರದೆ ಮುನಿರಾಮಪ್ಪ ಮನೆಗೆ ತಂದು ರೂಬಿ ಎಂದು ಹೆಸರಿಟ್ಟಿದ್ದ. ಗಂಡ ತಂದ ನಾಯಿಯನ್ನು ಹೆಂಡತಿ ತವರಿಗೆ ಹೊತ್ತು ತಂದಿದ್ದಳು.

ಮಧ್ಯಾಹ್ನ ಒಂದು ಗಂಟೆಗೆ ಮಹಾನಂದಳ ತಂದೆ ಚಿಕ್ಕವೆಂಕಟಪ್ಪ ಮಾರ್ಕೆಟ್ಟಿನಿಂದ ಬಂದ. ಸಿಟಿ ಮಾರ್ಕೆಟ್ಟಿನಲ್ಲಿ ಅವನದು ತರಕಾರಿ ಅಂಗಡಿ; ನಸುಕಿನಲ್ಲೇ ಹೋದವನು ಊಟದ ಹೊತ್ತಿಗೆ ಬಂದು, ಉಂಡು, ಒಂದು ನಿದ್ದೆ ತೆಗೆಯುವುದು ಪದ್ಧತಿ. ಮುದ್ದೆ ಮುರಿಯುವಾಗ ಕಾಲ ಬಳಿ ಏನೋ ಮೆತ್ತಗೆ ತಗುಲಿತು.

"ಇದ್ಯಾವುದೇ ಇದು?"

"ರೂಬಿ, ಅಪ್ಪ. ನಾಲ್ಕು ದಿನ ಇಲ್ಲಿರುತ್ತೆ."

"ನಾಯಿ ಅಂದ್ರೆ ಬೀದೀಲಿರ್ಬೇಕು. ಒಳಗೆ ಇಟ್ಕೊಳ್ಳೋಕೆ ಅದೇನು ಸೊಸೇನಾ?"

ಗೋಡೆಗೆ ಒರಗಿ ಕೂತಿದ್ದ ಅವನ ತಾಯಿ ಬೈರಮ್ಮನಿಗೆ ಎಂಬತ್ತು ದಾಟಿತ್ತು. ಕಿವಿ ಚುರುಕು, ಕಣ್ಣು ಮಂಜು. ಮುದುಕಿ ತಟ್ಟೆಯಿಂದ ಒಂದು ತುಣುಕು ಮುದ್ದೆ ಕಿತ್ತು ಕೈ ಚಾಚಿದಳು. ನಾಯಿ ಬಂದು ಅವಳ ಕೈಯಿಂದಲೇ ತಿಂದು, ಮಡಿಲಲ್ಲಿ ಮುದುರಿಕೊಂಡಿತು. "ಲೂಬಿ ಇರ್ಲಿ ಬಿಡೋ," ಎಂದಳು. ಅವಳ ಬಾಯಲ್ಲಿ ಆ ಹೆಸರು ಕೊನೆಯವರೆಗೂ ಲೂಬಿಯೇ ಆಗಿತ್ತು.

ನಾಲ್ಕು ದಿನ ಹೋಗಿ ಹತ್ತು ದಿನವಾಯಿತು. ಅಳಿಯ ಬರಲಿಲ್ಲ, ಮಗಳು ಹೊರಡುವ ಮಾತೆತ್ತಲಿಲ್ಲ. ಅವಳ ಹೊತ್ತೆಲ್ಲ ನಾಯಿಯ ಹಿಂದೆಯೇ ಹೋಗುತ್ತಿತ್ತು. ಅದು ನಿದ್ದೆಯಿಂದ ಎದ್ದ ಕೂಡಲೇ ಹಿತ್ತಲಿಗೆ. ನೀರು ಕುಡಿದ ಮೇಲೆ ಹಿತ್ತಲಿಗೆ. ಉಂಡ ಮೇಲೆ ಮತ್ತೆ ಹಿತ್ತಲಿಗೆ. ಕರಿಬೇವಿನ ಗಿಡದ ಬುಡದಲ್ಲಿ ಅದನ್ನು ಬಿಟ್ಟು, ತಾನು ಒಗೆಯುವ ಕಲ್ಲಿನ ಮೇಲೆ ಕೂತು ಬೇರೆ ಕಡೆ ನೋಡುತ್ತ ಕಾಯುವಳು. ಹತ್ತು ನಿಮಿಷವಾಗಲಿ, ಅರ್ಧ ಗಂಟೆಯಾಗಲಿ, ಗದರುತ್ತಿರಲಿಲ್ಲ. ಅದು ಅಲ್ಲಿ ಹೊಯ್ದರೆ "ಜಾಣೆ" ಎಂದು ಮೆಲ್ಲಗೆ ಹೇಳಿ, ಒಂದು ಚೂರು ಕೊಬ್ಬರಿಯನ್ನು ನೆಲದ ಮೇಲಿಟ್ಟು ಹಿಂದೆ ಸರಿಯುವಳು. ಮನೆಯೊಳಗೆ ಹೊಯ್ದರೆ ಮಾತಿಲ್ಲದೆ ಒರೆಸುವಳು.

ಇದರಲ್ಲಿ ದ್ರೌಪದಮ್ಮನಿಗೆ ಅರ್ಥವಾಗದ ಸಂಗತಿಗಳು ಒಂದೆರಡಲ್ಲ. ಬೈರಮ್ಮನ ಕೈಯಿಂದ ತಿನ್ನುವ ನಾಯಿ, ತನ್ನ ಕೈಯಿಂದಲೂ ತಿನ್ನುವ ನಾಯಿ, ಇಷ್ಟೆಲ್ಲ ಮಾಡುವ ಮಹಾನಂದಳ ಕೈಯಿಂದ ಮಾತ್ರ ತಿನ್ನುತ್ತಿರಲಿಲ್ಲ. ಚಿಕ್ಕವೆಂಕಟಪ್ಪ ದಿನಾ ಕೂಗಾಡುತ್ತಿದ್ದ, ಕೊಡೆ ಬೀಸಿ ಆಚೆಗೆ ಅಟ್ಟುತ್ತಿದ್ದ; ಅದು ಆಟವೆಂದುಕೊಂಡು ಕೊಡೆಯ ತುದಿಯನ್ನೇ ಹಿಡಿಯಲು ಬರುತ್ತಿತ್ತು. ಆದರೆ ಒಂದು ಬೆಳಿಗ್ಗೆ ಮಹಾನಂದ ಪೊರಕೆ ಎತ್ತಿಕೊಂಡಳು ನೋಡಿ, ನಾಯಿ ನಿಂತಲ್ಲೇ ನೆಲಕ್ಕೆ ಅಂಟಿ, ಕಿವಿ ಮಲಗಿಸಿ, ಗಡಗಡ ನಡುಗುತ್ತ ಅಲ್ಲೇ ಹೊಯ್ದುಬಿಟ್ಟಿತು. ಮಹಾನಂದ ಪೊರಕೆಯನ್ನು ತಾಯಿಯ ಕೈಗೆ ಕೊಟ್ಟು ಒಳಗೆ ಹೋದಳು. ಅಂದಿನಿಂದ ಗುಡಿಸುವ ಕೆಲಸ ದ್ರೌಪದಮ್ಮನ ಪಾಲಿಗೆ ಬಂತು.

"ಯಾರೇ ಅದಕ್ಕೆ ಹೊಡ್ದಿರೋದು? ಕಾಲು ಬೇರೆ ಕುಂಟ್ತಿದೆ," ಎಂದು ಅವಳು ಕೇಳಿಯೇಬಿಟ್ಟಳು.

"ಆ ಮನೇಲಿ."

"ಆ ಮನೇಲಿ ಅಂದ್ರೆ?"

ಮಗಳು ಕೊಬ್ಬರಿಯನ್ನು ಚೂರು ಮಾಡತೊಡಗಿದಳು. ದ್ರೌಪದಮ್ಮ ತನ್ನಷ್ಟಕ್ಕೆ ಎಣಿಸಿ ನೋಡಿದಳು. ಸಪ್ಪಲಮ್ಮನಿಗೆ ಉಬ್ಬಸ, ಬಗ್ಗಿ ಕಡ್ಡಿ ಎತ್ತಲಾಗದ ಹೆಂಗಸು. ಇನ್ನು ಉಳಿದವನು ಒಬ್ಬನೇ. "ನಿನ್ನ ಮೇಲೂ ಕೈ ಮಾಡ್ತಾರೇನೇ?" ಎಂದಳು. ಮಹಾನಂದ ತಾಯಿಯ ಮುಖವನ್ನು ಒಂದು ಗಳಿಗೆ ನೋಡಿ, ನಾಯಿಯನ್ನು ಕರೆದುಕೊಂಡು ಹಿತ್ತಲಿಗೆ ಹೋದಳು. ಆ ಮೌನವನ್ನು ದ್ರೌಪದಮ್ಮ ಹೌದು ಎಂದು ತೆಗೆದುಕೊಂಡಳು.

ತೆಗೆದುಕೊಂಡ ಮೇಲೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. ಗಂಡನಿಗೆ ಹೇಳಿದಳು. ಅಳಿಯ ಎಂದರೆ ಸೌಮ್ಯ, ಬೀಡಿ ಸಹ ಸೇದುವವನಲ್ಲ ಎಂದು ಊರೆಲ್ಲ ಹೊಗಳಿಕೊಂಡು ಬಂದಿದ್ದ ಚಿಕ್ಕವೆಂಕಟಪ್ಪ ಮೊದಲು ನಂಬಲಿಲ್ಲ. ಆಮೇಲೆ ನಂಬಿದ, ನಂಬಿದವನು ಅತಿಯಾಗಿಯೇ ನಂಬಿದ. ಮರುದಿನ ಮಾರ್ಕೆಟ್ಟಿನಿಂದ ನೇರ ಉಪ್ಪಾರಪೇಟೆಗೆ ಹೋಗಿ, ಲಾಡ್ಜಿನ ಮಾಲೀಕರೂ ಪೆಟ್ಟಿಗೆ ಹೊತ್ತ ಗಿರಾಕಿಗಳೂ ನಿಂತಿರುವಾಗಲೇ ಅಳಿಯನಿಗೆ ಬಾಯಿಗೆ ಬಂದದ್ದು ಅಂದು ಬಂದ. ಊಟಕ್ಕೆ ಕೂತಾಗ ಅದನ್ನೆಲ್ಲ ಸವಿಸ್ತಾರವಾಗಿ ಹೇಳಿದ.

"ಹೆಂಗಸ್ರ ಮೇಲೆ ಕೈ ಮಾಡೋ ಗಂಡಸಿಗೆ ರಿಜಿಸ್ಟರ್ ಯಾಕೆ, ಬಳೆ ತೊಡ್ಸಿ ಅಂದೆ. ಮಾಲೀಕರು ಕಣ್ ಕಣ್ ಬಿಟ್ರು."

ಮಹಾನಂದಳ ಕೈ ತಟ್ಟೆಯಲ್ಲೇ ನಿಂತಿತು. "ಅವರು ಏನಂದ್ರು ಅಪ್ಪ?"

"ಏನಂತಾನೆ. ತಲೆ ತಗ್ಗಿಸ್ಕೊಂಡು ನಿಂತಿದ್ದ. ತಪ್ಪು ಮಾಡ್ದೋನ ಥರ."

ಅವಳು ಎದ್ದು ಕೈ ತೊಳೆದುಕೊಂಡಳು. ಆ ದಿನ ಮತ್ತೆ ಊಟ ಮಾಡಲಿಲ್ಲ. ಗಂಡನಿಗೆ ಅವಮಾನವಾಯಿತೆಂದು ಅಳುವ ಹೆಂಡತಿಯೋ, ಪೆಟ್ಟು ತಿಂದು ಬಂದ ಹೆಂಡತಿಯೋ, ಇವಳು ಯಾವ ಬಗೆಯವಳು ಎಂದು ದ್ರೌಪದಮ್ಮನ ತಲೆ ಕೆಟ್ಟುಹೋಯಿತು. ಪಕ್ಕದ ಮನೆಯ ಬಸವಮ್ಮ, ಮಗಳು ಬಾಣಂತನಕ್ಕೆ ಬಂದಿದ್ದಾಳೆಯೇ ಎಂದು ಕೇಳಿದಾಗ, ನಾಯಿಗೆ ಹುಷಾರಿಲ್ಲ ಅದಕ್ಕೆ ಬಂದಿದ್ದಾಳೆ ಎಂದು ಹೇಳಿ, ತಾನು ಏನು ಹೇಳಿದೆನೆಂದು ತಾನೇ ಬೆಪ್ಪಾದಳು.

ಭಾನುವಾರ ಬೆಳಿಗ್ಗೆ ಮುನಿರಾಮಪ್ಪ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತ. ಒಳಗೆ ಬಾ ಎಂದು ಯಾರೂ ಹೇಳಲಿಲ್ಲ. ಚಿಕ್ಕವೆಂಕಟಪ್ಪ ಪಂಚೆ ಎತ್ತಿ ಕಟ್ಟಿಕೊಂಡ. ದ್ರೌಪದಮ್ಮ ನಾಯಿಯ ಕಡೆ ನೋಡಿದಳು. ಈಗ ನಡುಗುತ್ತದೆ, ಈಗ ಇದ್ದಲ್ಲೇ ಹೊಯ್ಯುತ್ತದೆ ಎಂದು ಕಾದಳು.

ರೂಬಿ ಅಜ್ಜಿಯ ಮಡಿಲಿಂದ ಜಿಗಿದು ಓಡಿತು. ಕುಂಟುಗಾಲಲ್ಲೇ ಅವನ ಮೊಣಕಾಲಿಗೆ ಹಾರಿ, ಕೈ ನೆಕ್ಕಿ, ಸುತ್ತು ಹಾಕಿ, ಕುಂಯ್ ಕುಂಯ್ ಎನ್ನುತ್ತ ಅಂಗಾತ ಬಿದ್ದು ಹೊಟ್ಟೆ ತೋರಿಸಿತು. ಅವನು ಅಲ್ಲೇ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಅದರ ತಲೆ ಸವರಿದ. ಬಾಗಿಲ ಸದ್ದು ಕೇಳಿದ ಬೈರಮ್ಮ ಯಾರು ಬಂದದ್ದು ಎಂದು ಕೇಳಿದಳು.

"ಮಾವ," ಎಂದ ಮುನಿರಾಮಪ್ಪ, ನಾಯಿಯನ್ನೇ ನೋಡುತ್ತ. "ನಾನೇ ಕರೆಯೋವರೆಗೂ ಬರ್ಬೇಡಿ ಅಂತ ಇವಳು ಚೀಟಿ ಬರೆದಿಟ್ಟಿದ್ಲು. ಅದಕ್ಕೆ ಬರ್ಲಿಲ್ಲ. ಅವತ್ತು ನೀವು ಅಂದಾಗ್ಲೂ ಏನೂ ಹೇಳ್ಲಿಲ್ಲ. ಆದ್ರೆ ನಾನೇನ್ ಮಾಡ್ದೆ ಅಂತ ಯಾರಾದ್ರೂ ಹೇಳಿ. ಯೋಚ್ನೆ ಮಾಡಿ ಮಾಡಿ ಸಾಕಾಗಿದೆ."

ದ್ರೌಪದಮ್ಮ ಅಡುಗೆಮನೆಗೆ ಹೋದಳು. ಅಲ್ಲಿ ಮಹಾನಂದ ನೀರಿನ ಹಂಡೆಗೆ ಒರಗಿ ನಿಂತಿದ್ದಳು.

"ಅಮ್ಮ, ಅವರು ಯಾವತ್ತೂ ಹೊಡೀಲಿಲ್ಲ. ನಾನ್ ಹೊಡೀತಿದ್ದೆ."

"ಯಾರಿಗೇ?"

"ರೂಬಿಗೆ."

ಆಮೇಲೆ ಅವಳು ನಿಧಾನವಾಗಿ ಹೇಳಿದಳು. ನಗರ್ತಪೇಟೆಯ ಆ ಕಟ್ಟಡಕ್ಕೆಲ್ಲ ಕೆಳಗೆ ಒಂದೇ ನಲ್ಲಿ. ಮೂವತ್ತೆರಡು ಮೆಟ್ಟಿಲು ಹತ್ತಿ ನೀರು ತರಬೇಕು. ನಾಯಿ ದೇವರ ಗೂಡಿನ ಕೆಳಗೆ ಹೊಯ್ದರೆ ಸಪ್ಪಲಮ್ಮ ಮಡಿಯೆಂದು ಇಡೀ ಕೋಣೆ ತೊಳೆಸುವಳು. ನಿನ್ನ ಗಂಡ ತಂದದ್ದು, ನೀನು ಬಳಿ ಎನ್ನುವಳು. ಅತ್ತೆಗೆ ಎದುರು ಹೇಳುವಂತಿಲ್ಲ, ಸಂಜೆ ದಣಿದು ಬಂದ ಗಂಡನಿಗೆ ಹೇಳುವ ಮನಸ್ಸಿಲ್ಲ. ಸಿಟ್ಟೆಲ್ಲ ಹೋಗಿ ಆ ಪ್ರಾಣಿಯ ಮೇಲೆ ಬೀಳುತ್ತಿತ್ತು. ಮೊದಲು ಅಂಗೈಯಲ್ಲಿ, ಆಮೇಲೆ ಪೊರಕೆಯಲ್ಲಿ.

"ಹೊಡೆದ್ರೆ ಹೆದ್ರುತ್ತೆ, ಹೆದ್ರಿದ್ರೆ ಅಲ್ಲೇ ಮಾಡ್ಕೊಳುತ್ತೆ, ಮಾಡ್ಕೊಂಡ್ರೆ ಇನ್ನೊಂದು ಬಾರಿಸ್ತಿದ್ದೆ. ಒಂದಿನ ಊದುಗೊಳವೆ ತಗೊಂಡೆ. ಕಾಲು ಹಂಗಾಯ್ತು. ದನದ ಆಸ್ಪತ್ರೆಗೆ ಎತ್ಕೊಂಡು ಓಡ್ದೆ. ಆ ಡಾಕ್ಟ್ರು, ಎದ್ದಾಗ, ಉಂಡಾಗ ಆಚೆ ಕರ್ಕೊಂಡ್ಹೋಗಿ, ಒಳಗೆ ಮಾಡಿದ್ರೆ ಸುಮ್ನೆ ಒರೆಸಿ, ತಾನೇ ಕಲೀತದೆ ಅಂದ್ರು. ಹೊಡೀಬೇಡಿ ಅಂತ ನಿಮ್ಮ ಮನೆಯವ್ರಿಗೆ ಹೇಳಮ್ಮ ಅಂದ್ರು. ನಾನು ಹೂಂ ಅಂದ್ಕೊಂಡು ಬಂದೆ."

ದ್ರೌಪದಮ್ಮನಿಗೆ ತಕ್ಷಣ ಆದದ್ದು ಸಮಾಧಾನ. ಅಳಿಯ ಒಳ್ಳೆಯವನೇ, ಮಗಳು ಪೆಟ್ಟು ತಿಂದಿಲ್ಲ. ಅದರ ಬೆನ್ನಿಗೇ ಇನ್ನೇನೋ ಬಂತು, ಅದಕ್ಕೆ ಹೆಸರು ತಿಳಿಯಲಿಲ್ಲ.

"ಅಷ್ಟೇ ತಾನೇ," ಎಂದಳು. "ನಾಯಿಗೆ ಹೊಡೆಯೋದೇನು ಲೋಕದಲ್ಲಿಲ್ಲದ್ದೇ? ಅದಕ್ಕೆ ಮನೆ ಬಿಟ್ಟು ಬರ್ತಾರಾ?"

"ನಂಗೆ ಮೂರು ತಿಂಗ್ಳು ಅಮ್ಮ. ಈ ಕೈಲಿ ಕೂಸನ್ನ ಹೆಂಗೆ ಎತ್ಕೊಳ್ಳಿ?"

ತಾಯಿಗೆ ಸಂತೋಷಪಡಬೇಕೆಂದು ಗೊತ್ತಿತ್ತು, ಬಾಯಲ್ಲಿ ಸಕ್ಕರೆ ಹಾಕಬೇಕೆಂದೂ ಗೊತ್ತಿತ್ತು. ಸಕ್ಕರೆ ಡಬ್ಬಿ ಎಲ್ಲಿದೆಯೆಂದು ಮಾತ್ರ ಹೊಳೆಯಲಿಲ್ಲ. ಹೊರಗೆ ಗಂಡ ಕೆಮ್ಮಿದ. ಆಗ ಅವಳಿಗೆ ಇನ್ನೊಂದು ನೆನಪಾಯಿತು: ನಾಲ್ಕು ಜನರ ಮುಂದೆ ಬೈದು ಬಂದ ಗಂಡಸು ಈಗ ಯಾವ ಮುಖ ಹೊತ್ತು ನಿಲ್ಲಬೇಕು? "ಇದನ್ನ ಆಚೆ ಹೇಳ್ಬೇಡ. ಏನೋ ಮಾತು ಬಂತು, ಸರಿಹೋಯ್ತು ಅಂತ ನಾನು ಹೇಳ್ತೀನಿ. ನಿಮ್ಮಪ್ಪನ ಮಾನ ಇದೆ," ಎಂದು ಮಗಳ ಕೈ ಹಿಡಿದಳು.

"ಹೊರಗೆ ನಿಂತಿರೋ ಅವರ ಮಾನ?" ಎಂದಳು ಮಹಾನಂದ. ಕೈ ಬಿಡಿಸಿಕೊಂಡು ನಡುಮನೆಗೆ ಹೋದಳು. ಅಡುಗೆಮನೆಯಲ್ಲಿ ಹೇಳಿದ್ದನ್ನೆಲ್ಲ ಅಪ್ಪನ ಮುಂದೆ, ಗಂಡನ ಮುಂದೆ, ಅಜ್ಜಿಯ ಮುಂದೆ ಇನ್ನೊಂದು ಸಲ ಹೇಳಿದಳು. ಒಂದು ಮಾತನ್ನೂ ಬಿಡಲಿಲ್ಲ.

ಚಿಕ್ಕವೆಂಕಟಪ್ಪ ಎತ್ತಿ ಕಟ್ಟಿದ ಪಂಚೆಯನ್ನು ಇಳಿಬಿಟ್ಟ. ಮುನಿರಾಮಪ್ಪ ನಾಯಿಯ ಕುಂಟುಗಾಲನ್ನು ಬೆರಳಲ್ಲಿ ಮುಟ್ಟಿ ನೋಡುತ್ತಿದ್ದ.

"ಮೆಟ್ಟಿಲಿಂದ ಬಿತ್ತು ಅಂತ ನೀನು ಅಂದಿದ್ದೆ," ಎಂದ ಕೊನೆಗೆ. ಆಮೇಲೆ, "ನೀರು ನಾನ್ ತರ್ಬೋದಾಗಿತ್ತು. ಡ್ಯೂಟಿಗೆ ಹೋಗೋಕೆ ಮುಂಚೆ ನಾಲ್ಕು ಬಿಂದಿಗೆ ತಂದಿಡ್ಬೋದಾಗಿತ್ತು. ನೀನು ಹೇಳ್ಲೇ ಇಲ್ವಲ್ಲ."

"ನೀವು ಕೇಳ್ಲಿಲ್ಲ."

ಜಗಳವಾಗುತ್ತದೆ ಎಂದು ದ್ರೌಪದಮ್ಮ ಕಾದಳು, ಆಗಲಿಲ್ಲ. ಅವನು ಈಗಲೇ ಮನೆಗೆ ಹೋಗೋಣ ಎಂದ. ಅವಳು ಒಪ್ಪಲಿಲ್ಲ. ರೂಬಿ ನನ್ನ ಹತ್ತಿರ ತಾನಾಗಿ ಬರುವವರೆಗೆ ಎಲ್ಲಿಗೂ ಬರುವುದಿಲ್ಲ ಎಂದಳು. ಬೈರಮ್ಮ ಗೊಗ್ಗರು ದನಿಯಲ್ಲಿ, "ನಾಯಿ ಒಪ್ಪಿಗೆ ಕೊಡೋವರ್ಗೂ ಬಸುರಿ ಹೆಂಗ್ಸು ತವರಲ್ಲಿ ಕೂರೋದೇ? ಎಂಬತ್ತು ವರ್ಷಕ್ಕೆ ಇದನ್ನೂ ಕೇಳ್ದೆ," ಎಂದಳು. ಮುನಿರಾಮಪ್ಪ ತಿಂಡಿ ತಿನ್ನದೆ ಹೋದ. ಸಿಟ್ಟು ಮಾಡಿಕೊಂಡು ಹೋದನೋ, ಯೋಚನೆ ಮಾಡಿಕೊಂಡು ಹೋದನೋ ಯಾರಿಗೂ ತಿಳಿಯಲಿಲ್ಲ.

ಮರುದಿನ ಚಿಕ್ಕವೆಂಕಟಪ್ಪ ಹೆಂಡತಿಗೂ ಹೇಳದೆ ಅಂಗಡಿಯಿಂದ ಒಂದು ಬುಟ್ಟಿ ಎಳೇ ಅವರೆಕಾಯಿ ತುಂಬಿಸಿಕೊಂಡು ಲಾಡ್ಜಿಗೆ ಹೋದ. ಮಾಲೀಕರ ಮುಂದೆ ನಿಂತು, ನನ್ನ ಅಳಿಯನ ತಪ್ಪೇನೂ ಇಲ್ಲ, ನಾನೇ ತಿಳಿಯದೆ ಬಾಯಿ ಬಿಟ್ಟೆ ಎಂದ. ಮಾಲೀಕರು ಅವರೆಕಾಯಿ ಇಳಿಸಿಕೊಂಡು ಕಾಫಿ ಕೊಡಿಸಿದರಂತೆ. ಇದನ್ನು ಹೇಳಿದವನು ಅವನಲ್ಲ, ಬುಧವಾರ ನಾಯಿಯನ್ನು ನೋಡುವ ನೆಪದಲ್ಲಿ ಬಂದ ಮುನಿರಾಮಪ್ಪ. ಅಲ್ಲಿಂದ ಅವನು ಎರಡು ದಿನಕ್ಕೊಮ್ಮೆ ಬರತೊಡಗಿದ. ಗಂಡ ಹೆಂಡತಿ ಹಿತ್ತಲ ಒಗೆಯುವ ಕಲ್ಲಿನ ಮೇಲೆ ನಾಯಿ ಉಚ್ಚೆ ಹೊಯ್ಯುವುದನ್ನು ಕಾಯುತ್ತ ಕೂರುವುದನ್ನು ದ್ರೌಪದಮ್ಮ ಕಿಟಕಿಯಿಂದ ನೋಡುತ್ತಿದ್ದಳು. ನಗಬೇಕೋ ಅಳಬೇಕೋ ಅವಳಿಗೆ ತಿಳಿಯುತ್ತಿರಲಿಲ್ಲ.

ನಾಲ್ಕನೇ ವಾರದ ಹೊತ್ತಿಗೆ ರೂಬಿ ಒಳಗೆ ಗಲೀಜು ಮಾಡುವುದನ್ನು ನಿಲ್ಲಿಸಿತು. ಅವಸರವಾದರೆ ಹಿತ್ತಲ ಬಾಗಿಲನ್ನು ತಾನೇ ಪರಚಿ ಕರೆಯುತ್ತಿತ್ತು. ಮಹಾನಂದ ಇಟ್ಟ ಕೊಬ್ಬರಿಯನ್ನು ಮೊದಲು ಅವಳು ನಾಲ್ಕು ಹೆಜ್ಜೆ ಸರಿದ ಮೇಲೆ ತಿನ್ನುತ್ತಿತ್ತು, ಆಮೇಲೆ ಎರಡು, ಆಮೇಲೆ ಒಂದು. ಆದರೆ ಅವಳು ಕೈ ಚಾಚಿದರೆ ಸರಿದುಬಿಡುತ್ತಿತ್ತು. ಇಷ್ಟಾಯಿತಲ್ಲ, ಇನ್ನು ಹೊರಡು ಎಂದು ಚಿಕ್ಕವೆಂಕಟಪ್ಪ ಹೇಳಿದ. ಇನ್ನೂ ಇಲ್ಲ ಎಂದಳು.

ಒಂದು ಗುರುವಾರ ಬಸವಮ್ಮ ಮೊಸರಿನ ಹೆಪ್ಪಿಗೆಂದು ಬಂದವಳು ಬೀದಿಬಾಗಿಲನ್ನು ತೆರೆದೇ ಬಿಟ್ಟಳು. ಅದೇ ಹೊತ್ತಿಗೆ ಯಾರ ಮನೆಯ ಮದುವೆಯದೋ ಬ್ಯಾಂಡ್‌ಸೆಟ್ಟು ಡೋಲು ಬಡಿಯುತ್ತ ಬೀದಿಗೆ ತಿರುಗಿತು. ರೂಬಿ ಬೆದರಿ ಓಡಿದ್ದನ್ನು ಮೊದಲು ಕಂಡವಳು ದ್ರೌಪದಮ್ಮ. ತಾಯಿ ಮಗಳು ಬರಿಗಾಲಲ್ಲೇ ಹಿಂದೆ ಓಡಿದರು. ಎರಡು ಕ್ರಾಸ್ ದಾಟಿದ ಮೇಲೆ ಜನ ಗುಂಪುಗೂಡಿದ್ದು ಕಾಣಿಸಿತು. ನಾಯಿ ನಿಂತ ಲಾರಿಯೊಂದರ ಕೆಳಗೆ ಹಿಂದಿನ ಚಕ್ರಕ್ಕೆ ಅಂಟಿ ಕೂತಿತ್ತು. ಒಬ್ಬ ಕೋಲು ಹಾಕಿ ತಿವಿಯುತ್ತಿದ್ದ, ಇನ್ನೊಬ್ಬ ಹುಷ್ ಹುಷ್ ಎನ್ನುತ್ತಿದ್ದ. ಡ್ರೈವರು ಲೋಡು ಹೊರಡಬೇಕು ಎಂದು ಅವಸರ ಮಾಡುತ್ತಿದ್ದ. ನಾಯಿ ಹಲ್ಲು ಕಿರಿಯುತ್ತಿತ್ತು. ದ್ರೌಪದಮ್ಮ ರೂಬೀ ರೂಬೀ ಎಂದು ಕೂಗಿದಳು. ಅದು ಇನ್ನೂ ಒಳಗೆ ಸರಿಯಿತು.

ಮಹಾನಂದ ಕೋಲು ಹಿಡಿದವನ ಹತ್ತಿರ ಹೋಗಿ, "ದಯವಿಟ್ಟು ಅದನ್ನ ಕೆಳಗಿಡಿ. ಎಲ್ರೂ ಸ್ವಲ್ಪ ದೂರ ಹೋಗಿ," ಎಂದಳು. ಡ್ರೈವರನಿಗೆ ಕೈಮುಗಿದಳು. ಆಮೇಲೆ ಸೆರಗು ಸುತ್ತಿಕೊಂಡು, ಲಾರಿಗೆ ಬೆನ್ನು ಮಾಡಿ, ರಸ್ತೆಯ ಅಂಚಿನ ಮಣ್ಣಿನಲ್ಲಿ ಕೂತುಬಿಟ್ಟಳು. ಕರೆಯಲಿಲ್ಲ, ತಿರುಗಿ ನೋಡಲಿಲ್ಲ. ಹೋಗುವವರು ಬರುವವರು ನಿಂತು ನೋಡಿದರು. ಹುಚ್ಚೇ ಎಂದು ಒಬ್ಬಳು ಕೇಳಿದಳು. ದ್ರೌಪದಮ್ಮನಿಗೆ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಮಗಳನ್ನು ಎಬ್ಬಿಸಿ ಎಳೆದುಕೊಂಡು ಹೋಗಬೇಕೆನ್ನಿಸಿತು. ಜೊತೆಗೆ ತಾನೂ ಪಕ್ಕದಲ್ಲಿ ಕೂರಬೇಕೆನ್ನಿಸಿತು. ಎರಡನ್ನೂ ಮಾಡದೆ ಕಂಬದ ಹಾಗೆ ನಿಂತಳು.

ಬಿಸಿಲು ಏರಿತು. ಡ್ರೈವರು ಬೇಸತ್ತು ಟೀ ಕುಡಿಯಲು ಹೋದ. ಗುಂಪು ಕರಗಿತು. ಆಗ ಲಾರಿಯ ಕೆಳಗಿಂದ ಮೊದಲು ಮೂಗು ಬಂತು, ಆಮೇಲೆ ಕೂದಲು ಮುಚ್ಚಿದ ಕಣ್ಣು. ರೂಬಿ ಹೊಟ್ಟೆ ನೆಲಕ್ಕೆ ತಾಗಿಸಿ ತೆವಳುತ್ತ, ನಿಲ್ಲುತ್ತ, ಮತ್ತೆ ತೆವಳುತ್ತ ಬಂದು ಮಹಾನಂದಳ ಮೊಣಕೈಯನ್ನು ಮೂಸಿತು. ಅವಳು ಅಲುಗಲಿಲ್ಲ. ಅದು ಅವಳ ತೊಡೆಯ ಮೇಲೆ ಎರಡು ಮುಂಗಾಲಿಟ್ಟಿತು. ಆಗಲೂ ಅವಳು ಕೈ ಎತ್ತಲಿಲ್ಲ. ಕಣ್ಣಿಂದ ಮಾತ್ರ ನೀರು ಇಳಿಯುತ್ತಿತ್ತು. ಕೊನೆಗೆ ಅದು ಪೂರ್ತಿ ಮಡಿಲಿಗೆ ಹತ್ತಿ, ಬೈರಮ್ಮನ ಮಡಿಲಲ್ಲಿ ಮಾಡುವ ಹಾಗೆಯೇ, ಮುದುರಿಕೊಂಡಿತು.

ಮುಂದಿನದೆಲ್ಲ ಬೇಗ ನಡೆಯಿತು. ಮುನಿರಾಮಪ್ಪ ಆಗಲೇ ಲಾಡ್ಜಿನ ಮಾಲೀಕರ ಪರಿಚಯದಿಂದ ಕುಮಾರ ಪಾರ್ಕಿನ ಹಿಂಬದಿಯಲ್ಲಿ ಒಂದು ಔಟ್‌ಹೌಸು ನೋಡಿಟ್ಟಿದ್ದ. ನೆಲದ ಮೇಲಿನ ಮನೆ, ಅಂಗಳದಲ್ಲೇ ನಲ್ಲಿ. ಸಪ್ಪಲಮ್ಮ ಮೊದಲು ಬರುವುದಿಲ್ಲ ಎಂದಳು, ಆಮೇಲೆ ದೇವರ ಗೂಡಿಗೆ ಬೇರೆ ಕೋಣೆ ಕೊಟ್ಟರೆ ಬರುತ್ತೇನೆ ಎಂದಳು. ಸೋಮವಾರ ಬೆಳಿಗ್ಗೆ ಅವನು ಆಟೋ ತಂದ.

ದ್ರೌಪದಮ್ಮ ಮಗಳ ತಲೆಗೆ ಹೂ ಮುಡಿಸಿದಳು. ಮಡಿಲಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ ಹಾಕಿದಳು. ಇದೆಲ್ಲ ಅಭ್ಯಾಸದ ಕೆಲಸ, ಕೈ ತಾನಾಗಿ ಮಾಡಿತು. ರಸ್ತೆಯಲ್ಲಿ ಆ ದಿನ ಮಗಳ ಬೆನ್ನನ್ನು ನೋಡುತ್ತ ನಿಂತಾಗಿನಿಂದ ಒಂದು ಮಾತನ್ನು ಕೇಳಬೇಕೆಂದು ಅವಳು ಕಾದಿದ್ದಳು. ಮಹಾನಂದ ಆಟೋ ಹತ್ತಿ ನಾಯಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಮುನಿರಾಮಪ್ಪ ಒಳಗೆ ಬೈರಮ್ಮನ ಕಾಲಿಗೆ ನಮಸ್ಕಾರ ಮಾಡಲು ಹೋಗಿದ್ದ. ದ್ರೌಪದಮ್ಮ ಆಟೋದೊಳಗೆ ಬಗ್ಗಿದಳು.

"ನಂದಾ, ನಿನಗೆ ಆರೇಳು ವರ್ಷ ಇದ್ದಾಗ ನಾನು ಹೊಡ್ದಿದ್ದೆ. ಸೌಟಲ್ಲಿ. ನೆನಪಿದ್ಯಾ?"

ಮಹಾನಂದ ತಾಯಿಯ ಮುಖವನ್ನು ನೋಡಿದಳು. ಕೋಪವಿರಲಿಲ್ಲ, ನಗುವೂ ಇರಲಿಲ್ಲ.

"ಯಾವಾಗ ಅಮ್ಮ?" ಎಂದಳು.

ಅಷ್ಟರಲ್ಲಿ ಅಳಿಯ ಬಂದು ಪಕ್ಕದಲ್ಲಿ ಕೂತ. ಆಟೋ ಹೊರಟಿತು. ನೆನಪಿಲ್ಲ ಎಂದು ಹೇಳಿದಳೋ, ಯಾವ ಸಲದ್ದು ಎಂದು ಕೇಳಿದಳೋ, ದ್ರೌಪದಮ್ಮ ಬೀದಿಯಲ್ಲೇ ನಿಂತು ಯೋಚಿಸುತ್ತಿದ್ದಳು. ಒಳಗಿನಿಂದ ಚಿಕ್ಕವೆಂಕಟಪ್ಪ, ನಾಯಿ ಹೋಯ್ತಲ್ಲ, ಇನ್ನು ಹಿತ್ತಲ ಬಾಗಿಲು ಹಾಕೋದೋ ಬೇಡ್ವೋ ಎಂದು ಎರಡು ಸಲ ಕೇಳಿದ. ಅವಳು ಬೇಡ ಎಂದಳು, ಆಮೇಲೆ ಹಾಕಿ ಎಂದಳು.